ಊರು ಯಾವ ಕಿಟಕಿಗೆ?

ಸಂಜೆ ಒಣಗಿದ ಬಟ್ಟೆ ತೆಗೆಯಲೆಂದು ಆಂಟಾಪ್ ಹಿಲ್‌ನ ನಮ್ಮ ಕಟ್ಟಡದ ಟೆರೇಸಿಗೆ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಂತರೆ, ಒಂದರ ಹಿಂದೊಂದು ವಿಮಾನ ಬಲದಿಂದ ಎಡಕ್ಕೆ ಇಳಿಯುತ್ತಿರುತ್ತದೆ. ಕತ್ತಲಾದ ಮೇಲೆ ಬರೀ ದೀಪಗಳು. ಯಾರೋ ಹಣತೆಗಳನ್ನು ದಾರಕ್ಕೆ ಕಟ್ಟಿ ಸಾಂತಾಕ್ರೂಜಿನ ಕಡೆಗೆ ಎಳೆಯುತ್ತಿದ್ದಾರೇನೋ ಅನ್ನಿಸುತ್ತದೆ. ಈ ಮೆರವಣಿಗೆಯನ್ನು ವರ್ಷಗಟ್ಟಲೆ ನೋಡಿದ್ದಕ್ಕೆ ನನಗೆ ಸಿಕ್ಕ ಬಿರುದು ‘ಸೀಟು ಹೇಳುವವರು’. ವಡಾಲ, ಮಾಟುಂಗಾ, ಸಯನ್ ಕಡೆಯ ಪರಿಚಯದವರು ಊರಿಗೆ ಹೊರಡುವ ಮುನ್ನ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: “ಮಂಗಳೂರಿಗೆ ಬುಕ್ ಮಾಡಿದ್ದೇವೆ, ಕಿಟಕಿ ಎಡಕ್ಕೋ ಬಲಕ್ಕೋ?”

ನಾನು ಉತ್ತರ ಕೊಡುವುದಿಲ್ಲ, ಮರುಪ್ರಶ್ನೆ ಹಾಕುತ್ತೇನೆ. ಹೋಗುವುದೋ ಬರುವುದೋ? ಬೆಳಿಗ್ಗೆಯೋ ಸಂಜೆಯೋ? ಯಾವ ತಿಂಗಳು? ಮುಂಬೈ ನೋಡಬೇಕೋ, ಘಟ್ಟ ನೋಡಬೇಕೋ, ಕಡಲು ನೋಡಬೇಕೋ? ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅವರ ತಾಳ್ಮೆ ಮುಗಿದಿರುತ್ತದೆ. “ಎ ಅಂದರೆ ಎ ಹೇಳಿ, ಎಫ್ ಅಂದರೆ ಎಫ್ ಹೇಳಿ ಮಾರಾಯ್ರೇ” ಅನ್ನುತ್ತಾರೆ. ಅವರಿಗೆ ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿದ ಮೇಲೆ ಮುಂಬೈಯ ಕರಾವಳಿಯವರಿಗೆ ಕಿಟಕಿಯ ಸುಖ ಗೊತ್ತಾಯಿತು. ಮತ್ಸ್ಯಗಂಧದಲ್ಲಿ ಈ ಕಡೆಯ ಕಿಟಕಿ ಬೇಸರವಾದರೆ ಎದ್ದು ಆ ಕಡೆಯ ಬಾಗಿಲಿಗೆ ಹೋಗಿ ನಿಲ್ಲಬಹುದು. ಸುರಂಗ ಬಂದಾಗ ಒಳಗೆ ಬಂದು ಚಹಾ ಕುಡಿಯಬಹುದು. ವಿಮಾನದಲ್ಲಿ ಹಾಗಿಲ್ಲ. ಬೆಲ್ಟು ಕಟ್ಟಿ ಕೂರಿಸಿದ ಮೇಲೆ ನಿಮ್ಮ ಪಾಲಿನ ಜಗತ್ತು ಒಂದು ಮೊಳವೂ ಎತ್ತರವಿಲ್ಲದ ಕಿಟಕಿ. ಸೀಟು ತಪ್ಪಿದರೆ ಒಂದೂಕಾಲು ಗಂಟೆಯೂ ತಪ್ಪಿದಂತೆ.

ಮೊದಲು ಅಕ್ಷರಗಳ ವಿಷಯ ಮುಗಿಸೋಣ. ಸಾಲಿಗೆ ಆರು ಸೀಟಿರುವ ಏರ್‌ಬಸ್ ಎ320, ಬೋಯಿಂಗ್ 737ರಲ್ಲಿ ಮೂಗಿನ ಕಡೆ ಮುಖ ಮಾಡಿ ಕೂತಾಗ ಎಡ ಕಿಟಕಿ ಎ, ಬಲ ಕಿಟಕಿ ಎಫ್. ಪ್ರೊಪೆಲರ್ ಇರುವ ಎಟಿಆರ್ 72ರಲ್ಲಿ ಸಾಲಿಗೆ ನಾಲ್ಕೇ ಸೀಟಾದರೂ ಕಿಟಕಿಗಳು ಅಲ್ಲಿಯೂ ಎ ಮತ್ತು ಎಫ್.

ಇನ್ನು ಗಾಳಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರುಗಾಳಿ ರೆಕ್ಕೆಗೆ ಹೆಚ್ಚು ಆಸರೆ ಕೊಡುತ್ತದೆ, ಓಡುವ ದೂರ ಕಡಿಮೆಯಾಗುತ್ತದೆ. ಮುಂಬೈಯ ಮುಖ್ಯ ರನ್‌ವೇ ಪೂರ್ವ-ಪಶ್ಚಿಮವಾಗಿ ಮಲಗಿದೆ. ಒಂದು ತುದಿಯಲ್ಲಿ 27 ಎಂದು ಬರೆದಿದ್ದಾರೆ, ಇನ್ನೊಂದು ತುದಿಯಲ್ಲಿ 09 ಎಂದು. ದಿಕ್ಸೂಚಿಯ ಡಿಗ್ರಿಯ ಕೊನೆಯ ಸೊನ್ನೆ ಬಿಟ್ಟರೆ ರನ್‌ವೇಯ ಹೆಸರು: 270 ಅಂದರೆ ಪಶ್ಚಿಮ, 90 ಅಂದರೆ ಪೂರ್ವ. ನಮ್ಮದು ಕಡಲ ಗಾಳಿಯ ಊರು. ವರ್ಷದ ಹೆಚ್ಚು ಹೊತ್ತು ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆದ್ದರಿಂದ ವಿಮಾನಗಳು ಪೂರ್ವದ ಘಾಟ್‌ಕೋಪರ್ ಮೇಲಿನಿಂದ ಬಂದಿಳಿದು, ಪಶ್ಚಿಮದ ಜುಹು ಮೇಲಿಂದ ಕಡಲಿಗೆ ಹಾರಿ ಹೋಗುತ್ತವೆ. ನನ್ನ ಟೆರೇಸಿನಿಂದ ಬಲದಿಂದ ಎಡಕ್ಕೆ ಕಾಣುವ ದೀಪದ ಸಾಲಿನ ಗುಟ್ಟು ಇಷ್ಟೇ. ಚಳಿಗಾಲದ ಕೆಲವು ಬೆಳಗುಗಳಲ್ಲಿ ಗಾಳಿ ನೆಲದಿಂದ ಕಡಲಿಗೆ ತಿರುಗುವುದುಂಟು, ಆಗ ಮೆರವಣಿಗೆಯೂ ತಿರುಗೀತು. 14-32 ಎಂಬ ಅಡ್ಡ ರನ್‌ವೇ ಬಳಸುವ ದಿನ ಬಂದರೆ ನನ್ನ ಲೆಕ್ಕವೆಲ್ಲ ಕೆಟ್ಟಿತು ಎಂದೇ ತಿಳಿಯಿರಿ.

ಪಶ್ಚಿಮಕ್ಕೆ ಹಾರಿದ ವಿಮಾನ ದಕ್ಷಿಣದ ಊರುಗಳಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಕಡಲ ಮೇಲೆ ಎಡಕ್ಕೆ ಹೊರಳುತ್ತದೆ. ಹೊರಳುವಾಗ ಎಡ ರೆಕ್ಕೆ ತಗ್ಗುತ್ತದೆ. ಆ ಅರ್ಧ ನಿಮಿಷ ಎ ಸೀಟಿನವರಿಗೆ ಮುಂಬೈಯನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಜುಹು ತೀರದ ಮರಳು, ಬಾಂದ್ರಾ, 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೇತುವೆಯ ತಂತಿಗಳು, ಮಲಬಾರ್ ಹಿಲ್‌ನ ಹಸಿರು, ಮರೀನ್ ಡ್ರೈವ್‌ನ ಬಿಲ್ಲು, ಕೊನೆಗೆ ಕೊಲಾಬಾದ ಚೂಪು ತುದಿ. ಈ ಶಹರ ಏಳು ದ್ವೀಪಗಳನ್ನು ಹೊಲಿದು ಮಾಡಿದ್ದು ಎಂದು ಶಾಲೆಯಲ್ಲಿ ಓದಿದ್ದರಲ್ಲಿ ನನಗೆ ನಂಬಿಕೆ ಬಂದದ್ದು ಆ ಕಿಟಕಿಯಿಂದ ನೋಡಿದ ಮೇಲೆ. ಎಫ್ ಸೀಟಿನವರಿಗೆ ಅದೇ ಹೊತ್ತಿಗೆ ಆಕಾಶ ಮಾತ್ರ.

ಹಾಗಾದರೆ ಎ ಎಂದು ಬರೆದುಕೊಳ್ಳಬಹುದಲ್ಲ? ಮಂಗಳೂರಿಗೆ ಹೋಗುವವರು ಅವಸರ ಮಾಡಬಾರದು.

ಭೂಪಟ ತೆಗೆದು ಮುಂಬೈಗೂ ಮಂಗಳೂರಿನ ನಿಲ್ದಾಣವಿರುವ ಬಜ್ಪೆಗೂ ಅಡಿಕೋಲು ಇಡಿ. ನಾನು ಇಟ್ಟು ನೋಡಿದ್ದೇನೆ. ಗೆರೆ ರತ್ನಾಗಿರಿಯ ಹತ್ತಿರ ಕಡಲಿನಿಂದ ಸುಮಾರು 25 ಕಿ.ಮೀ. ಒಳಗೆ ಸಾಗುತ್ತದೆ, ಗೋವಾದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಕಾರವಾರದಲ್ಲಿ ತೀರಕ್ಕೆ ಇನ್ನಷ್ಟು ಹತ್ತಿರ. ಹೊನ್ನಾವರ, ಭಟ್ಕಳದಿಂದ ಮುಂದೆ ಕಡಲಂಚನ್ನೇ ಸವರಿಕೊಂಡು ಹೋಗುತ್ತದೆ. ಅಂದರೆ ದಾರಿಯುದ್ದಕ್ಕೂ ಎಡಕ್ಕೆ ಸಹ್ಯಾದ್ರಿ, ಬಲಕ್ಕೆ ಕಡಲು. ವಿಮಾನ ಅಡಿಕೋಲಿನ ಗೆರೆಯ ಮೇಲೆಯೇ ಹೋಗುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಆದರೆ ಎಡಬಲದ ಲೆಕ್ಕ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ವಿಮಾನದ ನೇರ ಕೆಳಗಿರುವುದು ಯಾವ ಕಿಟಕಿಗೂ ಕಾಣುವುದಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿದ್ದಾಗ ಕಣ್ಣನ್ನು 45 ಡಿಗ್ರಿ ಕೆಳಗಿಳಿಸಿದರೆ ಕಾಣುವುದು ಹತ್ತು ಕಿ.ಮೀ. ಪಕ್ಕದ ಊರು. ಹೊಟ್ಟೆಯ ಕೆಳಗಿನ ಊರು ಹೊಟ್ಟೆಯ ಕೆಳಗೇ ಉಳಿಯುತ್ತದೆ. ಆದ್ದರಿಂದ ನೋಡಬೇಕಾದ ಜಾಗ ದಾರಿಯಿಂದ ಹತ್ತಿಪ್ಪತ್ತು, ಹೆಚ್ಚೆಂದರೆ ಮೂವತ್ತು ಕಿ.ಮೀ. ಬದಿಗಿದ್ದರೆ ಒಳ್ಳೆಯದು. ಲೆಕ್ಕದ ಪ್ರಕಾರ ಆ ಎತ್ತರದಿಂದ ದಿಗಂತ ಸುಮಾರು 350 ಕಿ.ಮೀ. ಆಚೆಗಿದೆ. ಆದರೆ ನಮ್ಮ ಹವೆಯ ಮಬ್ಬು ಅಷ್ಟು ದೂರ ಬಿಡುವುದಿಲ್ಲ.

ಈ ಅಳತೆಯಲ್ಲಿ ನೋಡಿದರೆ ಎಡ ಕಿಟಕಿಗೆ ದೂಧಸಾಗರದ ಘಟ್ಟ, ಕಾಳಿ ನದಿಯ ಕೊಳ್ಳ, ಕೈಗಾ, ಆಮೇಲೆ ಸ್ವಲ್ಪ ದೂರದಲ್ಲಿ ಲಿಂಗನಮಕ್ಕಿಯ ಹರವಾದ ನೀರು. ಬಲ ಕಿಟಕಿಗೆ ಕಾರವಾರದಲ್ಲಿ ಕಾಳಿ ಕಡಲು ಸೇರುವ ಜಾಗ, ಭಟ್ಕಳದ ಆಚೆ ಕಡಲಲ್ಲಿ ಒಂಟಿಯಾಗಿ ಕೂತ ನೇತ್ರಾಣಿ, ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪಗಳು. ಎರಡರಲ್ಲಿ ನನ್ನ ಓಟು ಬಲಕ್ಕೆ. ಘಟ್ಟ ಮೇಲಿನಿಂದ ನೋಡಿದರೆ ಚಪ್ಪಟೆಯಾಗುತ್ತದೆ. ಕೆಳಗೆ ನಿಂತಾಗ ಕುತ್ತಿಗೆ ನೋಯಿಸಿದ ಕೊಡಚಾದ್ರಿ ಅಲ್ಲಿಂದ ಹಸಿರು ಕಂಬಳಿಯ ಸುಕ್ಕು. ಅಳಿವೆಗಳು ಹಾಗಲ್ಲ, ಅವನ್ನು ಮೇಲಿನಿಂದಲೇ ನೋಡಬೇಕು. ಘಟ್ಟದಿಂದ ಇಳಿದ ಹೊಳೆ ಕಡಲನ್ನು ಕಂಡ ಮೇಲೂ ನೇರ ಹೋಗಿ ಸೇರದೆ, ಮರಳದಿಣ್ಣೆಯ ಹಿಂದೆ ಮೈಲಿಗಟ್ಟಲೆ ತೀರದ ಜೊತೆಯಲ್ಲೇ ನಡೆದು, ಕೊನೆಗೆ ಎಲ್ಲೋ ಒಂದು ಕಡೆ ಮನಸ್ಸು ಮಾಡುತ್ತದೆ. ಅಲೆಗಳು ತಂದು ಸುರಿದ ಮರಳು ಅದರ ಬಾಯಿಗೆ ಅಡ್ಡ ಕಟ್ಟಿದ್ದೇ ಕಾರಣ. ಕರಾವಳಿಯಲ್ಲಿ ಹುಟ್ಟಿದ ನಮಗೆ ದೋಣಿಯಲ್ಲಿ ದಾಟುವಾಗ ಇದು ತಿಳಿಯಲಿಲ್ಲ.

ಮರವಂತೆಯನ್ನೇ ನೋಡಿ. ಬಸ್ಸಿನಲ್ಲಿ ಹೋಗುವಾಗ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎರಡನ್ನೂ ಒಟ್ಟಿಗೆ ನೋಡಲು ಕೊರಳು ತಿರುಗಿಸುತ್ತಲೇ ಇರಬೇಕು. ವಿಮಾನ ಆ ಹೊತ್ತಿಗೆ ಇಳಿಯಲು ಶುರು ಮಾಡಿರುತ್ತದೆ. ದಾರಿ ಕೊಂಚ ಒಳನಾಡಿಗೆ ಸರಿದಿದ್ದರೆ ಬಲ ಕಿಟಕಿಯಲ್ಲಿ ಎರಡು ನೀರು, ನಡುವೆ ಒಂದು ದಾರ. ಅದರ ಬೆನ್ನಿಗೇ ಗಂಗೊಳ್ಳಿಯಲ್ಲಿ ಹೊಳೆಗಳೆಲ್ಲ ಕೂಡುವ ಪಂಚಗಂಗಾವಳಿ, ನಡುವೆ ತೇಲಿಬಿಟ್ಟ ಎಲೆಗಳಂತೆ ಕುದ್ರುಗಳು, ಅಂದರೆ ನಡುಗಡ್ಡೆಗಳು. ಕುಂದಾಪುರದವರು ಪಕ್ಕದಲ್ಲಿ ಕೂತಿದ್ದರೆ ಈ ಮೂರು ನಿಮಿಷ ಅವರನ್ನು ಮಾತಾಡಿಸಬೇಡಿ.

ಮಂಗಳೂರಿನಲ್ಲಿ ಮತ್ತೆ ಗಾಳಿಯ ಕಾರುಬಾರು. ಕಡಲ ಮೇಲಿನಿಂದ ಈಶಾನ್ಯಕ್ಕೆ ಮುಖ ಮಾಡಿ ಇಳಿದರೆ ಬಲ ಕಿಟಕಿಗೆ ನಗರ, ಬೆಂಗ್ರೆಯ ಮರಳನಾಲಗೆ, ನೇತ್ರಾವತಿ-ಫಲ್ಗುಣಿಗಳ ಅಳಿವೆ. ಎಡಕ್ಕೆ ಪಣಂಬೂರಿನ ಬಂದರು. ಎದುರು ಕಡೆಯಿಂದ ಬಂದರೆ ಎರಡೂ ಬದಿಗೆ ಗುಡ್ಡ, ಅಡಿಕೆ ತೋಟ, ಹಂಚಿನ ಮಾಡು. ಗುಡ್ಡದ ತಲೆ ಬೋಳಿಸಿ ಮಾಡಿದ ನಿಲ್ದಾಣವಾದ್ದರಿಂದ ಚಕ್ರ ಮುಟ್ಟುವ ಮೊದಲು ಕಿಟಕಿಯ ಕೆಳಗೆ ಕಣಿವೆ ಇರುತ್ತದೆ. ಆ ಕಣಿವೆ ಕಂಡಾಗ 2010ರ ಮೇ 22 ನೆನಪಾಗದ ಕರಾವಳಿಯವರಿಲ್ಲ. ಅಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗೆ ಉರುಳಿ 158 ಜನ ತೀರಿಕೊಂಡರು. ಆ ಹೊತ್ತಿನಲ್ಲಿ ನಾನು ಕಿಟಕಿ ನೋಡುತ್ತೇನೆ, ಫೋಟೊ ತೆಗೆಯುವುದಿಲ್ಲ.

ಬೆಂಗಳೂರಿನ ದಾರಿ ಬೇರೆ. ಅದು ಆಗ್ನೇಯಕ್ಕೆ ಘಟ್ಟ ಹತ್ತಿ ಬಯಲಿಗೆ ಬೀಳುತ್ತದೆ. ಅಡಿಕೋಲಿನ ಗೆರೆ ಸಾಂಗ್ಲಿ-ಮಿರಜಿನ ಪಕ್ಕದಲ್ಲಿ, ಬಾದಾಮಿಗೂ ಸವದತ್ತಿಗೂ ನಡುವೆ ಹಾದು ಹೋಗುತ್ತದೆ. ಬಲಕ್ಕೆ ಮೊದಲು ಕೊಯ್ನಾದ ಉದ್ದನೆಯ ನೀರು, ಆಮೇಲೆ ಕಪ್ಪತಗುಡ್ಡ. ಎಡಕ್ಕೆ ಬಾದಾಮಿಯ ಕೆಂಪು ಬಂಡೆಗಳ ಸೀಮೆ, ತುಂಗಭದ್ರಾ ಜಲಾಶಯ, ಅದರಾಚೆ ಹಂಪಿಯ ಕಲ್ಲುರಾಶಿ. ಇಲ್ಲಿ ನನ್ನ ಓಟು ಎಡಕ್ಕೆ. ಮುಂಬೈಯ ತಟ್ಟೆಯೂ ಎಡಕ್ಕೇ ಇರುವುದರಿಂದ ಬೆಂಗಳೂರಿಗೆ ಹೋಗುವವರಿಗೆ ಎ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ದೇವನಹಳ್ಳಿಯಲ್ಲಿ ನಂದಿಬೆಟ್ಟ ನಿಲ್ದಾಣದ ಉತ್ತರಕ್ಕಿದೆ. ಪೂರ್ವಕ್ಕೆ ಮುಖ ಮಾಡಿ ಇಳಿದರೆ ಅದೂ ಎಡಕ್ಕೇ ಸಿಕ್ಕಿತು. ಅಂದಹಾಗೆ ನಮ್ಮ ಸೀಮೆಯ ಮೇಲೆ ಟಪಾಲು ವಿಮಾನ ಹಾರಿದ್ದು ಹೆಚ್ಚುಕಡಿಮೆ ಈ ಕಡೆಯಿಂದಲೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಜುಹುವಿಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೇಲಿಂದ ಮದ್ರಾಸಿಗೆ ಒಯ್ದರು. ಆ ಪುಟಾಣಿ ಪುಸ್ ಮಾತ್ ವಿಮಾನದಲ್ಲಿ ಎಡ ಬಲ ಎಂಬ ಜಗಳವೇ ಇರಲಿಲ್ಲ, ಎರಡೂ ಕಡೆ ಅವರದೇ.

ಸೂರ್ಯನನ್ನು ಮರೆತರೆ ಈವರೆಗೆ ಮಾಡಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಬಿಸಿಲು ಬೀಳುವ ಕಿಟಕಿಯಲ್ಲಿ ಮೊದಲು ಕಾಣುವುದು ಗಾಜಿನ ಗೀರುಗಳು ಮತ್ತು ಹಿಂದೆ ಕೂತವರ ಹಣೆಯ ಎಣ್ಣೆಗುರುತು. ಗಾಜು ಎಂದೆ, ಅದು ಗಾಜಲ್ಲ, ಅಕ್ರಿಲಿಕ್. ಗೀರು ಬೇಗ ಬೀಳುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ, ಅಂದರೆ ಆಚೆ ಬದಿಯ ಕಿಟಕಿಯಲ್ಲಿರಬೇಕು. ಆಗ ನಿಮ್ಮ ಬದಿಯ ನೆಲಕ್ಕೆ ನೇರ ಬೆಳಕು ಬೀಳುತ್ತದೆ. ಮಂಗಳೂರಿನ ದಾರಿಯಲ್ಲಿ ಕಡಲು ಬೇಕಿದ್ದರೆ ಬೆಳಗಿನ ವಿಮಾನ ಹಿಡಿಯಿರಿ, ಸೂರ್ಯ ಘಟ್ಟದ ಕಡೆಗಿರುತ್ತಾನೆ. ಘಟ್ಟವೇ ಬೇಕೆನ್ನುವ ಹಟದವರು ಸಂಜೆಯದು ಹಿಡಿಯಲಿ. ಸಹ್ಯಾದ್ರಿಯ ಪಡುವಣ ಗೋಡೆಗೆ ಇಳಿಬಿಸಿಲು ಬಿದ್ದಾಗ ಮೇಲೆ ಹೇಳಿದ ಕಂಬಳಿಯ ಸುಕ್ಕುಗಳಿಗೆ ನೆರಳು ಹುಟ್ಟಿ ಸ್ವಲ್ಪವಾದರೂ ಬೆಟ್ಟದ ಗತ್ತು ಬರುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಕೇಳುವವರಿಗೆ ನಾನು ನಡುವಿನ ಸೀಟು ಹಿಡಿದು ನಿದ್ದೆ ಮಾಡಿ ಅನ್ನುತ್ತಿದ್ದೆ. ಕೆಳಗೆ ಹತ್ತಿಯ ಗೋದಾಮು ಬಿಟ್ಟರೆ ಏನೂ ಇಲ್ಲ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಮೋಡದ ಕಾಲದಲ್ಲೂ ಬೆಳಿಗ್ಗೆ ಅಥವಾ ಸಂಜೆ ಸೂರ್ಯನಿಗೆ ವಿರುದ್ಧ ಬದಿಯಲ್ಲಿ ಕೂತು ಮೋಡದ ಮೇಲೆ ಓಡುವ ವಿಮಾನದ ನೆರಳನ್ನು ಹುಡುಕಿ. ನೆರಳಿನ ಸುತ್ತ ಬಣ್ಣದ ಬಳೆ ಕಂಡೀತು, ಒಳಗೆ ನೀಲಿ, ಹೊರಗೆ ಕೆಂಪು. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವಾಗ ಆಗುವ ಆಟ ಅದು. ಹೆಸರು ಹುಡುಕಲು ನಾವು ದೂರ ಹೋಗಬೇಕಿಲ್ಲ, ದೇವರ ಮೂರ್ತಿಯ ಹಿಂದೆ ಇದ್ದೇ ಇದೆ: ಪ್ರಭಾವಳಿ. ಮಳೆ ಮುಗಿದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಬಂದರೆ ತೊಳೆದಿಟ್ಟ ಹವೆ, ತುಂಬಿದ ಕೆರೆ, ಹಸಿರು ಗದ್ದೆ. ಮನಸ್ಸಿಗೆ ಬಂದಂತೆ ತಿಂಗಳು ಆರಿಸುವ ಸೌಕರ್ಯ ಇರುವವರು ಆಗ ಹೋಗಬೇಕು. ಡಿಸೆಂಬರಿನ ಮುಂಬೈ ಬೆಳಗು ಹೊಗೆ-ಮಂಜಿನ ಗಂಜಿ.

ಸಾಲು ಯಾವುದು ಎನ್ನುವುದು ಎಡಬಲದಷ್ಟೇ ಮುಖ್ಯ. ಎ320, 737ರಲ್ಲಿ ಸುಮಾರು 9ರಿಂದ 20ರ ತನಕ ರೆಕ್ಕೆಯ ಸಾಲುಗಳು. ಕಾಲು ಚಾಚಲು ಜಾಗವಿದೆ ಎಂದು ಹೆಚ್ಚು ದುಡ್ಡು ತೆಗೆದುಕೊಳ್ಳುವ ತುರ್ತು ಬಾಗಿಲಿನ ಸಾಲು ರೆಕ್ಕೆಯ ನಟ್ಟನಡುವೆ ಇರುತ್ತದೆ. ಅಲ್ಲಿಂದ ಕಾಣುವ ದೃಶ್ಯ ಬೂದು ಬಣ್ಣದ ತಗಡು. ಮುಂದಿನ ಸಾಲುಗಳು ಉತ್ತಮ, ದುಬಾರಿ. ಹಿಂದಿನ ಸಾಲುಗಳು ಅಗ್ಗ, ಆದರೆ ಎಂಜಿನ್ನಿನ ಬಿಸಿಗಾಳಿಯಲ್ಲಿ ನೋಟ ಸ್ವಲ್ಪ ನಡುಗುತ್ತದೆ. ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಕಂಡ ಹಾಗೆ. ನಾನು ಹಿಂದೆ ಕೂರುತ್ತೇನೆ, ನಡುಕಕ್ಕೆ ಕಣ್ಣು ಒಗ್ಗುತ್ತದೆ, ಜೇಬಿಗೂ ಹಗುರ. ಹುಬ್ಬಳ್ಳಿ, ಕೊಲ್ಲಾಪುರದಂಥ ಊರಿಗೆ ಎಟಿಆರ್ ಸಿಕ್ಕಿದರಂತೂ ನಿಮ್ಮ ಪುಣ್ಯ. ಅದರ ರೆಕ್ಕೆ ಕಿಟಕಿಗಳ ಮೇಲಿದೆ, ನೆಲಕ್ಕೆ ಅಡ್ಡವೇ ಇಲ್ಲ. ಹಾರುವುದೂ ಜೆಟ್‌ಗಿಂತ ಕೆಳಗೆ, ಓಡುವುದೂ ನಿಧಾನ. ಸದ್ದು ಜಾಸ್ತಿ ಎಂದು ಗೊಣಗುವವರು ಎಕ್ಸ್‌ಪ್ರೆಸ್ ಬಸ್ಸಿನ ಕೊನೆಯ ಸೀಟಿನಲ್ಲಿ ಎಂದೂ ಕೂತವರಲ್ಲ.

ಒಂದು ಸಲ ನಾನು ಹೆಚ್ಚುವರಿ ಹಣ ಕೊಟ್ಟು ಹಿಡಿದ ಕಿಟಕಿ ಸೀಟಿನಲ್ಲಿ ಕೂತರೆ ಪಕ್ಕದಲ್ಲಿ ಬಿಳಿ ಗೋಡೆ. ಮುಂದಿನವರ ಕಿಟಕಿಯ ಹಿಂಬದಿ ಒಂದು ಬೆರಳು, ಹಿಂದಿನವರದ್ದರ ಮುಂಬದಿ ಒಂದು ಬೆರಳು. ಗಗನಸಖಿಯನ್ನು ಕೇಳಿದ್ದಕ್ಕೆ ಮುಗುಳ್ನಗೆ ಸಿಕ್ಕಿತು. ಅದು ಯಾರ ಮೋಸವೂ ಅಲ್ಲ ಎಂದು ಆಮೇಲೆ ತಿಳಿಯಿತು. ಕಿಟಕಿಗಳು ವಿಮಾನದ ಪಕ್ಕೆಲುಬುಗಳ ನಡುವೆ ಇರುತ್ತವೆ, ಪಕ್ಕೆಲುಬಿಗೆ ಪಕ್ಕೆಲುಬಿಗೆ 20-21 ಅಂಗುಲ. ಸೀಟಿನ ಸಾಲುಗಳ ಅಂತರ 28ರಿಂದ 31 ಅಂಗುಲ, ಅದನ್ನು ಕಂಪನಿಯವರು ತಮಗೆ ಬೇಕಾದಂತೆ ಹೊಂದಿಸಿಕೊಳ್ಳುತ್ತಾರೆ. ಎರಡು ಅಳತೆ ಕೂಡಿಬರದ ಕಡೆ ಗೋಡೆ. ಇದಲ್ಲದೆ ಕೆಲವು ವಿಮಾನಗಳಲ್ಲಿ ತಂಪುಗಾಳಿಯ ಕೊಳವೆ ಗೋಡೆಯೊಳಗೆ ಮೇಲೇರುವ ಜಾಗದಲ್ಲಿ ಕಿಟಕಿಯನ್ನೇ ಇಟ್ಟಿರುವುದಿಲ್ಲ. ಬೋಯಿಂಗ್ 737ರಲ್ಲಿ ಅದು ಎಡಗಡೆ, ರೆಕ್ಕೆಗಿಂತ ತುಸು ಮುಂದೆ, ಹತ್ತು-ಹನ್ನೊಂದನೆಯ ಸಾಲಿನ ಆಸುಪಾಸು. ಸೀಟು ಒತ್ತುವ ಮುನ್ನ ಆ ಒಂದು ಜಾಗ ತಪ್ಪಿಸಿಕೊಳ್ಳಿ.

ಫೋಟೊ ತೆಗೆಯುವವರು ಫ್ಲ್ಯಾಷ್ ಆರಿಸಿ, ಕಡು ಬಣ್ಣದ ಅಂಗಿ ಹಾಕಿ, ಫೋನನ್ನು ಕಿಟಕಿಗೆ ಹತ್ತಿರ ಹಿಡಿಯಿರಿ. ಪೋಲರಾಯ್ಡ್ ಕನ್ನಡಕ ಹಾಕಿದರೆ ಕಿಟಕಿಯಲ್ಲಿ ಕಾಮನಬಿಲ್ಲಿನ ಕಲೆಗಳು ಕಾಣುತ್ತವೆ, ಗಾಬರಿ ಬೇಡ. ಪುಣೆ, ದಾಬೋಲಿಮ್‌ನಂಥ ರಕ್ಷಣಾ ಪಡೆಯ ನೆಲೆಗಳಲ್ಲಿ ಕ್ಯಾಮೆರಾ ಒಳಗಿರಲಿ.

ಈಗ ವಾಪಸ್ ಬರುವ ದಾರಿ. ನನ್ನ ಅಡಿಕೋಲಿನ ಲೆಕ್ಕದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಇದು. ಮಂಗಳೂರಿನಿಂದ ಉತ್ತರಕ್ಕೆ ಮುಖ ಮಾಡಿದಾಗ ಕಡಲು ಎಡಕ್ಕೆ ಬರುತ್ತದೆ. ಅಂದರೆ ಹೋಗುವಾಗ ಎಫ್‌ನಲ್ಲಿ ಕಂಡ ಅಳಿವೆಗಳು ಬರುವಾಗ ಎಯಲ್ಲಿ. ಮುಂಬೈ ಹತ್ತಿರವಾದಂತೆ ವಿಮಾನ ಪೂರ್ವಕ್ಕೆ ಸರಿದು, ಪನವೇಲ್, ನವಿ ಮುಂಬೈ ಕಡೆಯಿಂದ ಎಡಕ್ಕೆ ಹೊರಳಿ 27ರ ದಾರಿಗೆ ಬೀಳುತ್ತದೆ. ಮತ್ತೆ ಎಡ ರೆಕ್ಕೆ ತಗ್ಗುತ್ತದೆ. ಪಶ್ಚಿಮಕ್ಕೆ ಇಳಿಯುವಾಗ ಎಡವೆಂದರೆ ದಕ್ಷಿಣ, ಅಂದರೆ ನಾವಿರುವ ಕಡೆ. ಬಲ ಕಿಟಕಿಗೂ ಪವಯಿ, ವಿಹಾರ್ ಕೆರೆಗಳು, ಬೊರಿವಲಿಯ ಕಾಡಿನ ಗುಡ್ಡಗಳಿವೆ, ಚೆನ್ನಾಗಿಯೇ ಇವೆ. ಆದರೆ ಹೋಗುವಾಗ ಎ ಬೇಕೋ ಎಫ್ ಬೇಕೋ ಎಂದು ಒದ್ದಾಡಿದವರಿಗೆ ಬರುವಾಗ ಒಂದೇ ಸೀಟಿನಲ್ಲಿ ಎರಡೂ ಊರು ಸಿಗುತ್ತವೆ. ನನ್ನ ತೀರ್ಪು: ಹೋಗುವಾಗ ಬೆಳಗಿನ ವಿಮಾನ, ಎಫ್, ಮುಂಬೈಯನ್ನು ತ್ಯಾಗ ಮಾಡಿ. ಬರುವಾಗಲೂ ಬೆಳಗಿನ ವಿಮಾನ, ಎ. ನವಿ ಮುಂಬೈಯ ಹೊಸ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ಅಲ್ಲಿ ಇಳಿಯುವವರಿಗೆ ಈ ತೀರ್ಪು ಅನ್ವಯಿಸುವುದಿಲ್ಲ, ಅವರ ಅಡಿಕೋಲು ಬೇರೆ.

ಸಾಂತಾಕ್ರೂಜಿಗೇ ಬರುವವರಾದರೆ ಠಾಣೆ ಖಾರಿಯ ಕೆಸರುಬಯಲು ದಾಟುವಾಗ ಕಿಟಕಿಗೆ ಮುಖ ಹಚ್ಚಿ. ದೂರದಲ್ಲಿ ನೀರಿನ ಮೇಲೆ ಎಳೆದ ಸಪೂರ ಗೆರೆ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು. ಅದು ನೆಲ ಮುಟ್ಟುವ ಜಾಗ ಶಿವಡಿ. ಈಚೆಗೆ ಮಾಹುಲಿನ ಎಣ್ಣೆ ಟ್ಯಾಂಕುಗಳು, ತ್ರಾಂಬೆಯ ಗುಡ್ಡ, ಕನ್ನಡಿ ಚೂರುಗಳನ್ನು ಜೋಡಿಸಿಟ್ಟಂತಹ ವಡಾಲದ ಉಪ್ಪಿನ ಗದ್ದೆಗಳು, ಭಕ್ತಿ ಪಾರ್ಕಿನ ಹತ್ತಿರ ಸಿನಿಮಾ ಗುಮ್ಮಟ, ಅಲ್ಲಿಂದ ಬಳುಕುತ್ತ ಹೊರಟ ಮೊನೊರೈಲಿನ ತೊಲೆ. ಆ ತೊಲೆಯ ಮೇಲೆ ಒಂದು ನಿಲ್ದಾಣದ ಹೆಸರು ಮೈಸೂರು ಕಾಲನಿ, ಇನ್ನೊಂದರದ್ದು ಆಂಟಾಪ್ ಹಿಲ್. ಹೊಸ ಗೋಪುರಗಳ ಕಾಲ ಬುಡದಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದಂತಿರುವ ಕುಳ್ಳ ಕಟ್ಟಡಗಳು ಕೇಂದ್ರ ಸರಕಾರದ ನೌಕರರ ಕಾಲನಿ, ಅದರ ಸುತ್ತಲೇ ನಾವು. ವಿಮಾನ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವುದರಿಂದ ರನ್‌ವೇಗೆ ಐದು ಕಿ.ಮೀ. ಇರುವಾಗ ನೀವು ನೆಲದಿಂದ ಸುಮಾರು 260 ಮೀಟರ್ ಮೇಲಿರುತ್ತೀರಿ. ಅಷ್ಟರಲ್ಲಿ ಘಾಟ್‌ಕೋಪರಿನ ಗುಡ್ಡದ ಮನೆಗಳ ನೀಲಿ ತಾಡಪತ್ರಿ ಎದ್ದು ಬಂದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅದಕ್ಕೂ ಮೊದಲು ಒಂದು ಹತ್ತು ಸೆಕೆಂಡು ಸಿಗುತ್ತದೆ. ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿರುವವನು ನಾನೇ, ಕೈ ಬೀಸಿದರೆ ಕಾಣುವುದಿಲ್ಲ. ಇಳಿದ ಮೇಲೆ ಫೋನ್ ಮಾಡಿ, ಗಂಗೊಳ್ಳಿಯ ಹತ್ತಿರ ಮೋಡ ಇತ್ತೋ ಇಲ್ಲವೋ ಹೇಳಿ.